ಕೀಮಾ ಬೇಗ ಬೇಯುತ್ತದೆ, ಕಾಯಿಸುವುದು ಆಲೂಗಡ್ಡೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿರುವ ಕನ್ನಡಿಗರಿಂದ ಬಂದಿವೆ. ವಿಷಯವೂ ಒಂದೇ: ಬೀಫ್ ಕೀಮಾ ಮತ್ತು ಆಲೂಗಡ್ಡೆಯ ಕ್ಯಾಸರೋಲ್, ಅಂದರೆ ಪಾತ್ರೆಯಲ್ಲಿ ಪದರ ಹಾಕಿ ಓವನ್‌ನಲ್ಲಿ ಬೇಯಿಸುವ ಅಡುಗೆ. ಅಲ್ಲಿನ ಮನೆಗಳಲ್ಲಿ ವಾರದ ನಡುವೆ, ಕೆಲಸ ಮುಗಿಸಿ ಸುಸ್ತಾಗಿ ಬಂದ ದಿನ ಮಾಡುವ ಸಾದಾ ಅಡುಗೆ ಇದು. ಒಂದೇ ಪಾತ್ರೆ, ಒಂದೇ ಓವನ್. ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಆದರೂ ಇಷ್ಟೊಂದು ಜನ ಬರೆದಿದ್ದಾರೆ ಅಂದರೆ ಎಲ್ಲೋ ಎಡವುತ್ತಿದ್ದೇವೆ ಅಂತ ತಾನೆ?

ಪ್ರಶ್ನೆ: ಮಿನೆಸೋಟದಲ್ಲಿದ್ದೇವೆ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಗಳು ಗೆಳತಿಯ ಮನೆಯಲ್ಲಿ ಈ ಕ್ಯಾಸರೋಲ್ ತಿಂದು ಬಂದು ಅದೇ ಬೇಕು ಅಂತ ಹಟ ಹಿಡಿದಿದ್ದಾಳೆ. ಹಸಿ ಆಲೂಗಡ್ಡೆ ಹೋಳು, ಕೀಮಾ, ಟೊಮೆಟೊ ಸಾಸ್ ಪದರ ಪದರವಾಗಿ ಹಾಕಿ 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಒಂದು ಗಂಟೆ ಇಟ್ಟೆ. ಮೇಲೆಲ್ಲ ಕೆಂಪಗಾಯಿತು, ಒಳಗಿನ ಆಲೂಗಡ್ಡೆ ಮಾತ್ರ ಕಟಕಟ ಅನ್ನುತ್ತಿತ್ತು. ಎಲ್ಲಿ ತಪ್ಪಾಯಿತು?

ಅರ್ಧ ತಪ್ಪು ಟೊಮೆಟೊದ್ದು. ಆಲೂಗಡ್ಡೆ ಮೆತ್ತಗಾಗಬೇಕಾದರೆ ಅದರ ಕಣಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಕರಗಬೇಕು. ಹುಳಿ ಇದ್ದ ಕಡೆ ಪೆಕ್ಟಿನ್ ಅಷ್ಟು ಸುಲಭವಾಗಿ ಕರಗುವುದಿಲ್ಲ. ನಮ್ಮ ಮನೆಗಳಲ್ಲಿ ಹುಳಿ ಮಾಡುವಾಗ ತರಕಾರಿ ಬೆಂದ ಮೇಲೆಯೇ ಹುಣಸೆ ರಸ ಹಾಕುತ್ತೇವಲ್ಲ, ಅದೇ ಕಾರಣ. ಹಸಿ ಆಲೂಗಡ್ಡೆಯನ್ನು ಟೊಮೆಟೊ ಸಾಸ್‌ನಲ್ಲಿ ಮುಳುಗಿಸಿ ಇಟ್ಟರೆ ಒಂದೂವರೆ ಗಂಟೆಯಾದರೂ ಅದು ಬಗ್ಗುವುದಿಲ್ಲ.

ಉಳಿದರ್ಧ ತಪ್ಪು ಮುಚ್ಚದೇ ಇಟ್ಟಿದ್ದು. ಓವನ್‌ನ ಗಾಳಿ ಒಣ ಗಾಳಿ. ಪಾತ್ರೆಗೆ ಫಾಯಿಲ್ ಬಿಗಿಯಾಗಿ ಮುಚ್ಚಿದರೆ ಒಳಗೆ ಹಬೆ ನಿಂತು ಆಲೂಗಡ್ಡೆ ಬೇಯುತ್ತದೆ. ಮುಚ್ಚದಿದ್ದರೆ ಮೇಲಿನ ಪದರ ಒಣಗಿ ಕೆಂಪಾಗುತ್ತದೆ, ಅದನ್ನು ನೋಡಿ ನಾವು ಆಯಿತು ಅಂದುಕೊಳ್ಳುತ್ತೇವೆ.

ಈ ಅಡುಗೆಯಲ್ಲಿ ಕೀಮಾದ ಕೆಲಸ ಹತ್ತು ನಿಮಿಷದ್ದು. ಹೊತ್ತು ತಿನ್ನುವುದೆಲ್ಲ ಆಲೂಗಡ್ಡೆ. ಹಾಗಾಗಿ ವಾರದ ದಿನ ಮಾಡುವುದಾದರೆ ಆಲೂಗಡ್ಡೆಯನ್ನು ಹಸಿಯಾಗಿ ಓವನ್‌ಗೆ ಇಡಲೇಬೇಡಿ. ಒಲೆಯ ಮೇಲೆ ಮುಕ್ಕಾಲು ಬೇಯಿಸಿ, ಆಮೇಲೆ ಇಡಿ. ಇದೊಂದನ್ನು ಪಾಲಿಸಿದರೆ ಹೆಚ್ಚುವುದರಿಂದ ಹಿಡಿದು ಬಡಿಸುವವರೆಗೆ ಸುಮಾರು ಒಂದು ಗಂಟೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಅದರಲ್ಲಿ ನೀವು ನಿಂತು ಮಾಡುವುದು ಅರ್ಧ ಗಂಟೆ ಅಷ್ಟೇ.

ನಾಲ್ಕೈದು ಜನಕ್ಕೆ ಒಂದು ಪೌಂಡ್ ಬೀಫ್ ಕೀಮಾ, ಅಂದರೆ ಸುಮಾರು 450 ಗ್ರಾಂ, ಎರಡು ಪೌಂಡ್ ಆಲೂಗಡ್ಡೆ ಸಾಕು. ಆಲೂಗಡ್ಡೆ ಯುಕಾನ್ ಗೋಲ್ಡ್ ಆದರೆ ಒಳ್ಳೆಯದು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದಲ್ಲಿ ಬೆಳೆಸಿದ ತಳಿ ಇದು, 1980ರಲ್ಲಿ ಹೊರಬಂತು. ತಿರುಳು ಹಳದಿ, ಬೆಂದರೂ ಹೋಳು ಹೋಳಾಗಿಯೇ ನಿಲ್ಲುತ್ತದೆ. ರಸೆಟ್ ತಳಿಯಲ್ಲಿ ಪಿಷ್ಟ ಜಾಸ್ತಿ, ಒಂದು ನಿಮಿಷ ಹೆಚ್ಚಾದರೂ ಪುಡಿಯಾಗುತ್ತದೆ. ಅದು ಮ್ಯಾಶ್ ಮಾಡಿ ಮೇಲೆ ಹರಡುವುದಕ್ಕೆ ಸರಿ, ಹೋಳಿಗೆ ಅಲ್ಲ. ಕೆಂಪು ಸಿಪ್ಪೆಯದು ನಡೆಯುತ್ತದೆ, ಆದರೆ ಸಾಸ್ ಹೀರಿಕೊಳ್ಳುವುದು ಕಡಿಮೆ.

ಓವನ್ 375 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ 190 ಸೆಲ್ಸಿಯಸ್‌ಗೆ, ಹಚ್ಚಿ ಕಾಯಲು ಬಿಡಿ. ಆಲೂಗಡ್ಡೆಯನ್ನು ನಾಲ್ಕು ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಹೆಚ್ಚಿ. ಎಲ್ಲ ಒಂದೇ ದಪ್ಪ ಇರಲಿ. ಒಂದು ತೆಳು ಒಂದು ದಪ್ಪ ಆದರೆ ಒಂದು ಕರಗಿ ಒಂದು ಉಳಿಯುತ್ತದೆ. ಉಪ್ಪು ಹಾಕಿ ಕುದಿಯುವ ನೀರಿಗೆ ಬಿಟ್ಟು ಐದಾರು ನಿಮಿಷ ಬೇಯಿಸಿ. ಚಾಕುವಿನ ತುದಿ ಸುಲಭವಾಗಿ ಇಳಿಯಬೇಕು, ಆದರೆ ಹೋಳನ್ನು ಎತ್ತಿದರೆ ಮುರಿಯಬಾರದು. ಅಷ್ಟಾದಾಗ ಬಸಿದು, ಜರಡಿಯಲ್ಲೇ ಹಬೆಯಾಡಲು ಬಿಡಿ. ನೀರು ಆರಿದಷ್ಟೂ ಕ್ಯಾಸರೋಲ್ ನೀರಾಗುವುದು ತಪ್ಪುತ್ತದೆ.

ಅದು ಬೇಯುವಾಗಲೇ ಪಕ್ಕದ ಒಲೆಯಲ್ಲಿ ಅಗಲ ಬಾಣಲೆ ಚೆನ್ನಾಗಿ ಕಾಯಲಿ. ಕೀಮಾವನ್ನು ಒಂದೇ ದೊಡ್ಡ ಬಿಲ್ಲೆಯಂತೆ ಒತ್ತಿ ಹಾಕಿ ಮೂರು ನಾಲ್ಕು ನಿಮಿಷ ಮುಟ್ಟಬೇಡಿ. ಕೈ ಸುಮ್ನಿರುವುದಿಲ್ಲ, ಗೊತ್ತು. ಆದರೂ ಬಿಡಿ. ಕಿವಿ ಕೊಟ್ಟು ಕೇಳಿ: ಮೊದಲು ಚುರ್ ಅನ್ನುತ್ತದೆ. ಮುರಿದು ಮಗುಚಿದ ಮೇಲೆ ಮಾಂಸ ನೀರು ಬಿಟ್ಟು ಕೊತಕೊತ ಸದ್ದು ಬರುತ್ತದೆ. ಆ ನೀರು ಆರಿದ ಮೇಲೆ ಮತ್ತೆ ಚುರ್ ಶುರುವಾಗುತ್ತದೆ. ಹೆಚ್ಚಿನವರು ಕೊತಕೊತ ಹಂತದಲ್ಲೇ, ಕೀಮಾ ಬೂದಿ ಬಣ್ಣಕ್ಕೆ ಬಂದ ಕೂಡಲೇ, ಬೆಂದಿದೆ ಅಂತ ಇಳಿಸಿಬಿಡುತ್ತಾರೆ. ಬೆಂದಿರುತ್ತದೆ ನಿಜ, ರುಚಿ ಬಂದಿರುವುದಿಲ್ಲ. ಎರಡನೇ ಚುರ್ ಶುರುವಾಗಿ, ತಳದಲ್ಲಿ ಕಂದು ಹಕ್ಕಳೆ ಕಟ್ಟಿ, ಹುರಿದ ವಾಸನೆ ಬಂದ ಮೇಲೆ ಒಂದು ದೊಡ್ಡ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ ಹೆಚ್ಚಿ ಹಾಕಿ.

ಈರುಳ್ಳಿ ಬಾಡಿದ ಮೇಲೆ ಎರಡು ದೊಡ್ಡ ಚಮಚ ಮೈದಾ ಉದುರಿಸಿ ಒಂದು ನಿಮಿಷ ಹುರಿಯಿರಿ. ಮೈದಾ ಕೊಬ್ಬನ್ನು ಹಿಡಿದುಕೊಳ್ಳುತ್ತದೆ, ಸಾಸ್ ಗಟ್ಟಿಯಾಗುತ್ತದೆ. ಒಂದೂಕಾಲು ಕಪ್ ಬೀಫ್ ಸ್ಟಾಕ್ (ಮಾಂಸ, ಮೂಳೆ ಬೇಯಿಸಿದ ರಸ), ಅರ್ಧ ಕಪ್ ಹಾಲು, ಒಂದು ಟೀ ಚಮಚ ವೂಸ್ಟರ್ ಸಾಸ್, ಕಾಳುಮೆಣಸಿನ ಪುಡಿ, ಇದ್ದರೆ ಚಿಟಿಕೆ ಥೈಮ್. ತಳದ ಹಕ್ಕಳೆಯನ್ನು ಮರದ ಸೌಟಿನಿಂದ ಕೆರೆದು ಸಾಸ್‌ಗೆ ಸೇರಿಸಿ, ಬೀಫಿನ ರುಚಿಯೆಲ್ಲ ಇರುವುದು ಅಲ್ಲೇ. ವೂಸ್ಟರ್ ಸಾಸ್ ಯಾಕೆ ಅಂತ ಮೂಗು ಮುರಿಯಬೇಡಿ, ಅದರಲ್ಲಿ ನಮ್ಮ ಹುಣಸೆಹಣ್ಣೂ ಇದೆ. ಕೊನೆಗೆ ಒಂದು ಕಪ್ ಫ್ರೋಜನ್ ಬಟಾಣಿ. ಉಪ್ಪು ನೋಡಿ ಹಾಕಿ, ಸ್ಟಾಕ್‌ನಲ್ಲಿ ಆಗಲೇ ಇರುತ್ತದೆ. ಸಾಸ್ ಸ್ವಲ್ಪ ತೆಳು ಅನ್ನಿಸಿದರೆ ಹಾಗೇ ಇರಲಿ, ಓವನ್‌ನಲ್ಲಿ ಆಲೂಗಡ್ಡೆ ಹೀರಿಕೊಳ್ಳುತ್ತದೆ.

9×13 ಇಂಚಿನ ಪಾತ್ರೆಗೆ ಬೆಣ್ಣೆ ಸವರಿ ಅರ್ಧ ಆಲೂಗಡ್ಡೆ, ಅದರ ಮೇಲೆ ಪೂರ್ತಿ ಕೀಮಾ, ಮೇಲೆ ಉಳಿದ ಆಲೂಗಡ್ಡೆ. ಫಾಯಿಲ್ ಮುಚ್ಚಿ 20 ನಿಮಿಷ. ತೆಗೆದು, ಒಂದೂವರೆ ಕಪ್ ತುರಿದ ಚೆಡ್ಡರ್ ಹರಡಿ, ಮುಚ್ಚದೆ ಇನ್ನೊಂದು ಹತ್ತು ನಿಮಿಷ. ಹೊರಗೆ ತೆಗೆದ ಮೇಲೆ ಐದು ಹತ್ತು ನಿಮಿಷ ಕೂರಲಿ. ಬಿಸಿಯಲ್ಲೇ ಕೊರೆದರೆ ಸಾಸ್ ಹರಿದು ತಟ್ಟೆಯೆಲ್ಲ ರಾಡಿ.

ಟೊಮೆಟೊ ಬೇಕೇ ಬೇಕು ಅಂದರೆ ಹಾಕಿ, ತೊಂದರೆಯಿಲ್ಲ. ಆಲೂಗಡ್ಡೆಯನ್ನು ಮಾತ್ರ ನೀರಿನಲ್ಲಿ ಪೂರ್ತಿ ಬೇಯಿಸಿಕೊಂಡು ಪದರ ಹಾಕಿ. ಆಮೇಲೆ ಹುಳಿ ಸೋಕಿದರೂ ಅದು ಮತ್ತೆ ಗಟ್ಟಿಯಾಗುವುದಿಲ್ಲ. ಆಗ ಹಾಲು ಹಾಕಬೇಡಿ, ಒಡೆಯಬಹುದು.

ಪ್ರಶ್ನೆ: ಅಂಗಡಿಯಲ್ಲಿ 73/27, 80/20, 85/15, 93/7 ಅಂತೆಲ್ಲ ಇರುತ್ತದೆ. ಯಾವುದು ತಗೊಳ್ಳಲಿ? ಕಳೆದ ಸಲ ಮಾಡಿದಾಗ ಮೇಲೆಲ್ಲ ಎಣ್ಣೆ ತೇಲಿತು. ಇನ್ನೊಂದು, ಪ್ಯಾಕೆಟ್ಟಿನ ಒಳಗಿನ ಮಾಂಸ ಕಂದು ಬಣ್ಣ ಇತ್ತು, ಹೆದರಿ ಎಸೆದೆ.

ಮೊದಲ ಅಂಕಿ ಮಾಂಸ, ಎರಡನೆಯದು ಕೊಬ್ಬು. 80/20 ಅಂದರೆ ನೂರಕ್ಕೆ ಇಪ್ಪತ್ತು ಪಾಲು ಕೊಬ್ಬು. ಅಮೆರಿಕದ ನಿಯಮದ ಪ್ರಕಾರ ಬೀಫ್ ಕೀಮಾದಲ್ಲಿ ಕೊಬ್ಬು ನೂರಕ್ಕೆ ಮೂವತ್ತು ದಾಟುವಂತಿಲ್ಲ. ಬರ್ಗರ್‌ಗೆ 80/20 ಚೆಂದ, ಕೊಬ್ಬು ಕೆಂಡದ ಮೇಲೆ ಸೋರಿ ಹೋಗುತ್ತದೆ. ಕ್ಯಾಸರೋಲ್‌ನಲ್ಲಿ ಸೋರಿ ಹೋಗಲು ಜಾಗವೇ ಇಲ್ಲ, ಎಲ್ಲ ಪಾತ್ರೆಯಲ್ಲೇ ನಿಲ್ಲುತ್ತದೆ. ಹಾಗಾಗಿ ನನ್ನ ಆಯ್ಕೆ 85/15. 93/7 ಒಣಗಿದ ಮರಳಿನ ಹಾಗಾಗುತ್ತದೆ, ದುಡ್ಡೂ ಜಾಸ್ತಿ. 73/27 ಅಗ್ಗ ಸಿಕ್ಕಿದರೆ ತಗೊಳ್ಳಿ. ಹುರಿದ ಮೇಲೆ ಬಾಣಲೆ ಓರೆ ಮಾಡಿ, ಎರಡು ಚಮಚ ಕೊಬ್ಬು ಉಳಿಸಿ ಮಿಕ್ಕಿದ್ದು ತೆಗೆಯಿರಿ. ತೆಗೆದದ್ದನ್ನು ಸಿಂಕ್‌ಗೆ ಸುರಿಯಬೇಡಿ. ತಣ್ಣಗಾದ ಮೇಲೆ ಅದು ಪೈಪಿನಲ್ಲೇ ಮೇಣದಂತೆ ಗಟ್ಟಿಯಾಗುತ್ತದೆ. ಖಾಲಿ ಟಿನ್‌ಗೆ ಹಾಕಿ, ಹೆಪ್ಪುಗಟ್ಟಿದ ಮೇಲೆ ಕಸಕ್ಕೆ.

ಕಂದು ಬಣ್ಣಕ್ಕೆ ಹೆದರಬೇಡಿ. ಹೊರಗಿನ ಕೆಂಪು ಬರುವುದು ಗಾಳಿಯ ಆಮ್ಲಜನಕ ತಾಗಿದಾಗ. ಪ್ಯಾಕೆಟ್ಟಿನ ಒಳಭಾಗಕ್ಕೆ ಗಾಳಿ ತಾಗಿರುವುದಿಲ್ಲ, ಅದಕ್ಕೇ ಆ ಬಣ್ಣ. ಹುಳಿ ವಾಸನೆ, ಕೈಗೆ ಅಂಟುವ ಲೋಳೆ ಇದ್ದರೆ ಮಾತ್ರ ಎಸೆಯಿರಿ. ಹಸಿ ಕೀಮಾ ಫ್ರಿಜ್‌ನಲ್ಲಿ ಒಂದೆರಡು ದಿನ ಮಾತ್ರ. ಅದಕ್ಕಿಂತ ಹೆಚ್ಚು ಇಡಬೇಕಾದರೆ ಫ್ರೀಜರ್‌ಗೆ.

ಬೆಂದಿದೆಯೋ ಇಲ್ಲವೋ ಅನ್ನುವುದಕ್ಕೂ ಬಣ್ಣ ನಂಬಬೇಡಿ. ಇಡೀ ಮಾಂಸದ ತುಂಡಿನಲ್ಲಿ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಹೊರಮೈ ಮೇಲಿರುತ್ತದೆ. ಅರೆದಾಗ ಅದು ಒಳಗೂ ಸೇರುತ್ತದೆ. ಅದಕ್ಕೆ ಸ್ಟೇಕ್ ಒಳಗೆ ಕೆಂಪಗಿದ್ದರೂ ತಿನ್ನುವವರು ಕೀಮಾದ ವಿಷಯದಲ್ಲಿ ಹಾಗೆ ಮಾಡಬಾರದು. ಅಮೆರಿಕದ ಕೃಷಿ ಇಲಾಖೆ ಹೇಳುವ ಅಂಕಿ 160 ಡಿಗ್ರಿ ಫ್ಯಾರನ್‌ಹೀಟ್, 71 ಸೆಲ್ಸಿಯಸ್. ನಾನು ಹೇಳಿದ ಎರಡನೇ ಚುರ್‌ವರೆಗೆ ಹುರಿದರೆ ಇದನ್ನು ಎಂದೋ ದಾಟಿರುತ್ತದೆ. ಥರ್ಮಾಮೀಟರ್ ಬೇಕಾಗುವುದು ಹಸಿ ಕೀಮಾವನ್ನೇ ಪಾತ್ರೆಗೆ ಒತ್ತಿ ಬೇಯಿಸುವವರಿಗೆ.

ಕೀಮಾ ತೊಳೆಯಬೇಕಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಬೇಡ. ಸಿಂಕ್ ತುಂಬ ಹರಡುತ್ತದೆ, ಮಾಂಸವೂ ನೀರಾಗಿ ಹುರಿಯುವ ಬದಲು ಬೇಯುತ್ತದೆ.

ಪ್ರಶ್ನೆ: ಇಲ್ಲಿಯ ಸಹೋದ್ಯೋಗಿಗಳೆಲ್ಲ ಮಶ್ರೂಮ್ ಸೂಪ್ ಡಬ್ಬಿ ಸುರಿದು, ಮೇಲೆ ಟೇಟರ್ ಟಾಟ್ಸ್ ಅನ್ನುವ ಫ್ರೋಜನ್ ಆಲೂಗಡ್ಡೆ ತುಂಡು ಜೋಡಿಸಿ ಮಾಡುತ್ತಾರೆ. ಅದು ಮೋಸದ ಅಡುಗೆ ಅಲ್ವಾ?

ಯಾವ ಮೋಸ? ಅದೇ ಅಲ್ಲಿಯ ಅಸಲಿ ಅಡುಗೆ. ಮಿನೆಸೋಟ, ಡಕೋಟಾ ಕಡೆ ಕ್ಯಾಸರೋಲ್ ಅನ್ನುವುದೇ ಇಲ್ಲ, ಹಾಟ್‌ಡಿಶ್ ಅನ್ನುತ್ತಾರೆ. ಬರವಣಿಗೆಯಲ್ಲಿ ಸಿಗುವ ಹಳೆಯ ಹಾಟ್‌ಡಿಶ್ ವಿಧಾನ 1930ರದ್ದು, ಮಿನೆಸೋಟದ ಮಂಕೇಟೊ ಊರಿನ ಲೂಥರನ್ ಪಂಗಡದ ಚರ್ಚ್ ಒಂದರ ಹೆಂಗಸರ ಅಡುಗೆ ಪುಸ್ತಕದಲ್ಲಿದೆ. ಅದರಲ್ಲೂ ಬೀಫ್ ಕೀಮಾ ಇತ್ತು, ಆದರೆ ಆಲೂಗಡ್ಡೆ ಬದಲು ಮ್ಯಾಕರೋನಿ, ಜತೆಗೆ ಡಬ್ಬಿಯ ಬಟಾಣಿ, ಡಬ್ಬಿಯ ಟೊಮೆಟೊ ಸೂಪ್. ಡಬ್ಬಿ ಅವತ್ತೇ ಇತ್ತು ನೋಡಿ. ಕ್ಯಾಂಪ್‌ಬೆಲ್ ಕಂಪನಿಯ ಕ್ರೀಮ್ ಆಫ್ ಮಶ್ರೂಮ್ ಸೂಪ್ 1934ರಲ್ಲಿ ಬಂತು. ಹಾಟ್‌ಡಿಶ್‌ನಲ್ಲಿ ಅದು ಎಷ್ಟು ಬೆರೆತುಹೋಯಿತು ಅಂದರೆ ಆ ಕಡೆಯ ಜನ ತಮಾಷೆಗೆ ಅದನ್ನು ಲೂಥರನ್ ಬೈಂಡರ್, ಅಂದರೆ ಲೂಥರನ್ನರ ಅಂಟು, ಅಂತ ಕರೆಯುತ್ತಾರೆ. ಟೇಟರ್ ಟಾಟ್ಸ್ ಬಂದದ್ದು 1950ರ ದಶಕದಲ್ಲಿ. ಓರ್-ಐಡಾ ಕಂಪನಿಯವರು ಫ್ರೆಂಚ್ ಫ್ರೈಸ್ ಕತ್ತರಿಸಿ ಮಿಕ್ಕ ಆಲೂಗಡ್ಡೆ ಚೂರುಗಳನ್ನು ಸುಮ್ನೆ ಬಿಸಾಕುವ ಬದಲು ಹಿಡಿದು ಕರಿದು ಮಾರಿದರು. 2011ರಿಂದ ಮಿನೆಸೋಟದ ಸಂಸದರು ವಾಷಿಂಗ್ಟನ್‌ನಲ್ಲಿ ಹಾಟ್‌ಡಿಶ್ ಸ್ಪರ್ಧೆ ನಡೆಸಿದ್ದೂ ಉಂಟು. ಅಂಥ ಅಡುಗೆಯನ್ನು ಮೋಸ ಅಂದರೆ ಅವರು ಬೇಜಾರು ಮಾಡಿಕೊಳ್ಳುತ್ತಾರೆ!

ನಿಜ ಹೇಳಬೇಕೆಂದರೆ ತೀರಾ ಸುಸ್ತಾದ ದಿನಕ್ಕೆ ನಾನು ಸೂಚಿಸುವುದೂ ಇದನ್ನೇ. ಆಲೂಗಡ್ಡೆ ಹೆಚ್ಚುವುದು ಬಸಿಯುವುದು ಏನೂ ಇಲ್ಲ. ಒಂದು ಪೌಂಡ್ ಕೀಮಾ ಈರುಳ್ಳಿ ಜತೆ ಹುರಿದು, ಒಂದು ಡಬ್ಬಿ ಸೂಪ್, ಅದೇ ಡಬ್ಬಿಯ ಕಾಲು ಭಾಗ ಹಾಲು, ಎರಡು ಕಪ್ ಫ್ರೋಜನ್ ಬೀನ್ಸ್ ಕಲಸಿ. ಪಾತ್ರೆಗೆ ಹರಡಿ, ಮೇಲೆ ಟಾಟ್ಸ್ ಸಾಲಾಗಿ ಜೋಡಿಸಿ 400 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 40 ನಿಮಿಷ, ಅಂಚಿನಲ್ಲಿ ಗುಳ್ಳೆ ಏಳುವ ತನಕ. ಎರಡೇ ಮಾತು. ಟಾಟ್ಸ್ ಕರಗಿಸಬೇಡಿ, ಫ್ರೀಜರ್‌ನಿಂದ ತೆಗೆದು ಹಾಗೇ ಇಡಿ. ಮೆತ್ತಗಾದರೆ ಗರಿಗರಿ ಬರುವುದಿಲ್ಲ. ಫಾಯಿಲ್ ಮುಚ್ಚಬೇಡಿ, ಅದೇ ಕಾರಣ. ಹಸಿ ಆಲೂಗಡ್ಡೆಗೆ ಬೇಕಾದ ಹಬೆ ಇಲ್ಲಿ ಶತ್ರು. ಬೇರೆ ಉಪ್ಪು ಹಾಕಲೇಬೇಡಿ; ಸೂಪು, ಟಾಟ್ಸ್ ಎರಡರಲ್ಲೂ ಧಾರಾಳವಾಗಿ ಇದೆ. ರಕ್ತದೊತ್ತಡ ಇರುವವರು ಮನೆಯಲ್ಲಿದ್ದರೆ ಡಬ್ಬಿ ಬಿಟ್ಟು ಮೇಲೆ ಹೇಳಿದ ಮೈದಾ ಸಾಸ್ ಮಾಡಿ.

ಪ್ರಶ್ನೆ: ಭಾನುವಾರವೇ ಮಾಡಿ ಇಟ್ಟು ಬುಧವಾರ ಬಿಸಿ ಮಾಡೋಣ ಅಂತ ಫ್ರಿಜ್‌ನಿಂದ ಗಾಜಿನ ಪಾತ್ರೆ ತೆಗೆದು ಬಿಸಿ ಓವನ್‌ಗೆ ಇಟ್ಟೆ. ಠಳ್ ಅಂತ ಒಡೆಯಿತು. ಪಾತ್ರೆ ಕಳಪೆಯಾ?

ಕಳಪೆ ಅಂತಲ್ಲ, ಗಾಜಿಗೆ ಅಷ್ಟು ಹಠಾತ್ ಬದಲಾವಣೆ ತಡೆಯುವುದಿಲ್ಲ. ತಣ್ಣಗಿನ ಗಾಜನ್ನು ಬಿಸಿ ಓವನ್‌ಗೆ, ಬಿಸಿ ಗಾಜನ್ನು ಒದ್ದೆ ಕಟ್ಟೆಯ ಮೇಲೆ ಇಡಬೇಡಿ. ಬ್ರಾಯ್ಲರ್ ಕೆಳಗಂತೂ, ಅಂದರೆ ಓವನ್‌ನಲ್ಲಿ ಮೇಲಿನಿಂದ ನೇರ ಉರಿ ಬೀಳುವ ಕಡೆ, ಇಡಲೇಬೇಡಿ. ವಾರದ ಅಡುಗೆ ಮುಂಚೆಯೇ ಮಾಡುವವರಿಗೆ ಲೋಹದ ಪಾತ್ರೆಯೇ ವಾಸಿ. ಗಾಜಿನದೇ ಇದ್ದರೆ ಮೊದಲೇ ತೆಗೆದು ಅರ್ಧ ಗಂಟೆ ಹೊರಗಿಟ್ಟು, ಚಳಿ ಬಿಟ್ಟ ಮೇಲೆ ಓವನ್‌ಗೆ ಇಡಿ. ಒಡೆದ ಪಾತ್ರೆಯಲ್ಲಿದ್ದ ಊಟವನ್ನು ಚೂರು ಆರಿಸಿ ತಿನ್ನೋಣ ಅಂತ ದಯವಿಟ್ಟು ಯೋಚಿಸಬೇಡಿ.

ಇಡೀ ಕ್ಯಾಸರೋಲ್ ಮಾಡಿಡುವುದಕ್ಕಿಂತ ಕೀಮಾ ಸಾಸ್ ಮಾತ್ರ ಮಾಡಿಡುವುದು ಜಾಣತನ. ಎರಡು ಪೌಂಡ್ ಒಟ್ಟಿಗೆ ಹುರಿದು, ಅರ್ಧ ಇವತ್ತಿಗೆ, ಅರ್ಧ ಫ್ರೀಜರ್‌ಗೆ. ಹಿಂದಿನ ರಾತ್ರಿ ಅದನ್ನು ಫ್ರಿಜ್‌ಗೆ ಇಳಿಸಿದರೆ ಸಂಜೆ ಆಲೂಗಡ್ಡೆ ಬೇಯಿಸುವಷ್ಟೇ ಕೆಲಸ. ಆಲೂಗಡ್ಡೆ ಹೋಳು ಫ್ರೀಜ್ ಮಾಡಿದರೆ ಕರಗಿದ ಮೇಲೆ ನೀರು ಬಿಟ್ಟು ತರಿತರಿಯಾಗುತ್ತದೆ. ಹಸಿ ಹೋಳು ಕಪ್ಪಾಗುತ್ತದೆ ಕೂಡ. ಬೆಣ್ಣೆ ಹಾಕಿ ಮ್ಯಾಶ್ ಮಾಡಿದ್ದು ಫ್ರೀಜರ್‌ನಲ್ಲಿ ಚೆನ್ನಾಗಿ ತಡೆಯುತ್ತದೆ. ಆ ಮ್ಯಾಶನ್ನು ಕೀಮಾ ಮೇಲೆ ಹರಡಿದರೆ ನೀವು ಇಂಗ್ಲೆಂಡಿನ ಕಾಟೇಜ್ ಪೈ ಮಾಡಿದ ಹಾಗೆ. ಬೀಫ್ ಬದಲು ಕುರಿ ಕೀಮಾ ಆದರೆ ಶೆಫರ್ಡ್ಸ್ ಪೈ. ನಡುವೆ ಜೋಳದ ಕಾಳಿನ ಪದರ ಬಂದರೆ ಕೆನಡಾದ ಕ್ವಿಬೆಕ್‌ನವರು ಇದು ನಮ್ಮದು ಅನ್ನುತ್ತಾರೆ.

ಪ್ರಶ್ನೆ: ಮಕ್ಕಳು ಬೀಫ್ ತಿನ್ನುತ್ತಾರೆ, ನಾನೂ ನಮ್ಮ ಅತ್ತೆಯೂ ತಿನ್ನುವುದಿಲ್ಲ. ಎರಡು ಅಡುಗೆ ಮಾಡುವ ಶಕ್ತಿ ಇಲ್ಲ. ಏನು ಮಾಡಲಿ?

ಇಂಥ ಮನೆಗಳು ಬಹಳ ಇವೆ. ಎರಡು ಅಡುಗೆ ಬೇಡ, ಎರಡು ಪಾತ್ರೆ ಸಾಕು. ಆಲೂಗಡ್ಡೆ ಒಂದೇ ಸಲ ಬೇಯಿಸಿ. ಅರ್ಧ ಪೌಂಡ್ ಅಣಬೆ ಸಣ್ಣಗೆ ಕೊಚ್ಚಿ, ನೀರೆಲ್ಲ ಆರಿ ಕೆಂಪಾಗುವ ತನಕ ಹುರಿಯಿರಿ. ಇಲ್ಲೂ ಅದೇ ಎರಡನೇ ಚುರ್‌ಗೆ ಕಾಯಬೇಕು. ಅದಕ್ಕೆ ಒಂದು ಕಪ್ ಬೇಯಿಸಿದ ಚೆನ್ನಂಗಿ ಕಾಳು ಸೇರಿಸಿ. ಸಿಪ್ಪೆ ಇರುವ ಇಡೀ ಕಾಳು ತಗೊಳ್ಳಿ. ಕೆಂಪು ಬೇಳೆ ಹಾಕಿದರೆ ತೊವ್ವೆಯಾಗಿಬಿಡುತ್ತದೆ. ಮೊದಲು ಈ ಪಾತ್ರೆ ಮುಗಿಸಿ, ಆಮೇಲೆ ಅದೇ ಬಾಣಲೆಯಲ್ಲಿ ಬೀಫ್ ಹುರಿದರೆ ಬಾಣಲೆ ತೊಳೆಯುವುದೂ ತಪ್ಪುತ್ತದೆ. ಸೌಟು ಬೇರೆ ಇರಲಿ. ಓವನ್‌ನಲ್ಲಿ ಸಸ್ಯಾಹಾರದ ಪಾತ್ರೆ ಮೇಲಿನ ತಟ್ಟೆಯಲ್ಲಿ, ಬೀಫ್ ಕೆಳಗೆ. ಒಂದು ವಿಷಯ ಹಲವರಿಗೆ ಗೊತ್ತಿಲ್ಲ: ಮಾಮೂಲಿ ವೂಸ್ಟರ್ ಸಾಸ್‌ನಲ್ಲಿ ಆಂಚೊವಿ ಮೀನು ಇರುತ್ತದೆ. ಅತ್ತೆಯ ಪಾತ್ರೆಗೆ ಅದರ ಬದಲು ಸೋಯಾ ಸಾಸ್ ಒಂದು ಚಮಚ, ಹುಣಸೆ ರಸ ನಾಲ್ಕು ಹನಿ. ಸ್ಟಾಕ್ ಕೂಡ ತರಕಾರಿಯದೇ ನೋಡಿ ತನ್ನಿ.

ಪ್ರಶ್ನೆ: ಸಪ್ಪೆ ಅನ್ನಿಸುತ್ತದೆ. ಗರಂ ಮಸಾಲೆ, ಸಾರಿನ ಪುಡಿ ಹಾಕಬಹುದಾ?

ನಿಮ್ಮ ಮನೆ, ನಿಮ್ಮ ಇಷ್ಟ. ಆದರೆ ಸಾರಿನ ಪುಡಿಯ ಮೆಂತ್ಯ, ಇಂಗಿಗೂ ಚೆಡ್ಡರ್‌ಗೂ ಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಸಪ್ಪೆ ಅನ್ನಿಸಲು ಸಾಮಾನ್ಯವಾಗಿ ಮಸಾಲೆ ಕಾರಣವಲ್ಲ. ಆಲೂಗಡ್ಡೆ ಬೇಯಿಸಿದ ನೀರಿಗೆ ಉಪ್ಪು ಹಾಕಿರುವುದಿಲ್ಲ, ಕೀಮಾ ಕಂದಾಗಿರುವುದಿಲ್ಲ. ಅವೆರಡನ್ನು ಸರಿ ಮಾಡಿ ನೋಡಿ. ಖಾರ ಬೇಕೆಂದರೆ ಈರುಳ್ಳಿ ಜತೆ ಎರಡು ಹಸಿಮೆಣಸಿನಕಾಯಿ, ಒಂದು ಚಮಚ ಕುಟ್ಟಿದ ಕಾಳುಮೆಣಸು ಹಾಕಿ. ಮಕ್ಕಳಿಗೆ ಬೇಡವೆಂದರೆ ಪಾತ್ರೆಯ ಅರ್ಧಕ್ಕೆ ಮಾತ್ರ ಚೀಸ್ ಕೆಳಗೆ ಮೆಣಸಿನಕಾಯಿ ಚೂರು ಉದುರಿಸಿ, ಯಾವ ಕಡೆ ಅಂತ ನೆನಪಿಟ್ಟುಕೊಳ್ಳಿ.

ಚೀಸ್ ಬಗ್ಗೆಯೂ ಒಂದು ಮಾತು. ತುರಿದೇ ಬರುವ ಪ್ಯಾಕೆಟ್ ಚೀಸ್‌ಗೆ ಅಂಟದಿರಲಿ ಅಂತ ಪಿಷ್ಟ ಅಥವಾ ಸೆಲ್ಯುಲೋಸ್ ಪುಡಿ ಸವರಿರುತ್ತಾರೆ. ಅದಕ್ಕೇ ಸರಿಯಾಗಿ ಕರಗದೆ ಒಣ ಒಣ ಅನ್ನಿಸುವುದು. ಗಟ್ಟಿ ತಂದು ಮನೆಯಲ್ಲಿ ತುರಿಯಿರಿ, ಎರಡು ನಿಮಿಷದ ಕೆಲಸ.

ಪ್ರಶ್ನೆ: ಬೆಂಗಳೂರಿನಲ್ಲಿದ್ದೇನೆ. ದೊಡ್ಡ ಓವನ್ ಇಲ್ಲ, ಚಿಕ್ಕ ಓಟಿಜಿ ಇದೆ. ಮಟನ್ ಕೀಮಾದಲ್ಲಿ ಆಗುತ್ತದಾ? ಉಳಿದದ್ದು ಎಷ್ಟು ದಿನ ಇಡಬಹುದು?

ಆಗುತ್ತದೆ. ಮಟನ್ ಕೀಮಾ ಬೀಫ್‌ನಷ್ಟು ಬೇಗ ಮೆತ್ತಗಾಗುವುದಿಲ್ಲ. ಹುರಿದ ಮೇಲೆ ಸ್ಟಾಕ್ ಹಾಕಿ, ಮುಚ್ಚಳ ಮುಚ್ಚಿ ಇಪ್ಪತ್ತು ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಿ, ಆಮೇಲೆ ಪದರ ಹಾಕಿ. ಓಟಿಜಿಯಲ್ಲಿ ಬಿಸಿಯಾಗುವ ಕಾಯಿಲ್ ಪಾತ್ರೆಗೆ ಹತ್ತಿರ ಇರುತ್ತದೆ, ಹಾಗಾಗಿ ಕೆಳಗಿನ ಸಾಲಿನಲ್ಲಿಟ್ಟು 180 ಸೆಲ್ಸಿಯಸ್ ಸಾಕು. ಅಳತೆ ಅರ್ಧ ಮಾಡಿ, ಎಂಟು ಇಂಚಿನ ಕೇಕ್ ಟಿನ್‌ನಲ್ಲಿ ಹಿಡಿಯುತ್ತದೆ. ಆಲೂಗಡ್ಡೆ ಹೊಸದಾಗಿ ಬಂದ ಎಳೆಯದು ಸಿಕ್ಕಿದರೆ ಹೋಳು ಒಡೆಯುವುದಿಲ್ಲ. ತಿಂಗಳುಗಟ್ಟಲೆ ಕೋಲ್ಡ್ ಸ್ಟೋರೇಜ್‌ನಲ್ಲಿ ಇದ್ದದ್ದಾದರೆ ಸ್ವಲ್ಪ ಸಿಹಿಯಾಗಿರಬಹುದು, ಆಗ ಕಾಳುಮೆಣಸು ಜಾಸ್ತಿ ಹಾಕಿ.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಡಿ. ಬೇಸಿಗೆಯಲ್ಲಿ ಒಂದು ಗಂಟೆಯೊಳಗೇ ಇಟ್ಟರೆ ಒಳ್ಳೆಯದು. ದೊಡ್ಡ ಪಾತ್ರೆಯಲ್ಲೇ ಇಟ್ಟರೆ ನಡುಭಾಗ ತಣ್ಣಗಾಗಲು ಬಹಳ ಹೊತ್ತು ಬೇಕು, ಅಗಲ ಡಬ್ಬಿಗೆ ಹರಡಿ. ಮೂರು ನಾಲ್ಕು ದಿನ ತಡೆಯುತ್ತದೆ. ಮತ್ತೆ ಬಿಸಿ ಮಾಡುವಾಗ ನಡುಭಾಗವೂ 74 ಸೆಲ್ಸಿಯಸ್ ಮುಟ್ಟಬೇಕು. ಮೈಕ್ರೋವೇವ್ ಆದರೆ ಒಂದು ಚಮಚ ಹಾಲು ಚಿಮುಕಿಸಿ, ಮುಚ್ಚಿ, ನಡುವೆ ಒಮ್ಮೆ ತಿರುಗಿಸಿ. ಇನ್ನೂ ರುಚಿ ಬೇಕಾ? ತಣ್ಣಗಿನ ತುಂಡನ್ನೇ ಕಾವಲಿಗೆ ಬೆಣ್ಣೆ ಹಾಕಿ ಸಣ್ಣ ಉರಿಯಲ್ಲಿ ಇಡಿ, ಆಲೂಗಡ್ಡೆ ಕಡೆ ಕೆಳಗೆ. ಮುಚ್ಚಳ ಮುಚ್ಚಿ ಏಳೆಂಟು ನಿಮಿಷ ಬಿಟ್ಟರೆ ತಳ ರೋಸ್ಟ್ ಆಗುತ್ತದೆ, ಒಳಗೂ ಬಿಸಿ ಇಳಿಯುತ್ತದೆ.